ಚಳಿ ಅಳೆಯುವ ಸುರುಳಿ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಚೋಕ್ ಎಂದರೆ ಡ್ಯಾಶ್‌ಬೋರ್ಡಿನಲ್ಲಿದ್ದ ನಾಬ್. ಬೆಳಗಿನ ಚಳಿಯಲ್ಲಿ ಅದನ್ನು ಎಳೆದು ಗಾಡಿ ಸ್ಟಾರ್ಟ್ ಮಾಡಬೇಕು, ಎಂಜಿನ್ ಬಿಸಿಯಾದ ಮೇಲೆ ನೆನಪಿಟ್ಟು ಒಳಗೆ ತಳ್ಳಬೇಕು. ಮರೆತರೆ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್. 1961ರ ಮಾದರಿಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಈ ಕೆಲಸವನ್ನು ಸೋಲೆಕ್ಸ್ 28 ಪಿಕ್ಟ್ ಕಾರ್ಬ್ಯುರೇಟರಿನ ಪುಟ್ಟ ಸ್ಪ್ರಿಂಗ್ ಒಂದು ವಹಿಸಿಕೊಂಡಿತು.

ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಹನಿಹನಿಯಾಗಿ ಕೊಳವೆಯ ಗೋಡೆಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಮಾಮೂಲಿಗಿಂತ ಹೆಚ್ಚು ಪೆಟ್ರೋಲ್ ಬೇಕು. ಕಾರ್ಬ್ಯುರೇಟರಿನ ಬಾಯಲ್ಲಿರುವ ಬಿಲ್ಲೆ ಮುಚ್ಚಿಕೊಂಡರೆ ಗಾಳಿ ತಗ್ಗಿ, ಎಂಜಿನ್ನಿನ ಸೆಳೆತಕ್ಕೆ ಪೆಟ್ರೋಲ್ ಜಾಸ್ತಿ ಬರುತ್ತದೆ. ಚೋಕ್ ಎಂದರೆ ಇಷ್ಟೇ.

ಆ ಬಿಲ್ಲೆಯನ್ನು ಆಡಿಸುವುದು ಪಕ್ಕದ ದುಂಡು ಡಬ್ಬಿಯೊಳಗಿನ ಸುರುಳಿ. ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳ ಪಟ್ಟಿಗಳನ್ನು ಬೆಸೆದು ಸುತ್ತಿದ ಸ್ಪ್ರಿಂಗ್ ಅದು. ಚಳಿಗೆ ಬಿಲ್ಲೆಯನ್ನು ಮುಚ್ಚುತ್ತದೆ, ಬಿಸಿಯಾದಂತೆ ಬಿಡುತ್ತದೆ. ಅಮೆರಿಕದ ಅನೇಕ ಕಾರುಗಳಲ್ಲಿ ಈ ಬಿಸಿ ಬರುತ್ತಿದ್ದುದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆಯಿಂದ. ಬೀಟಲ್‌ನಲ್ಲಿ ಬ್ಯಾಟರಿಯ ಕರೆಂಟಿನಿಂದ ಕಾಯುವ ಪುಟ್ಟ ಹೀಟರ್ ಇದೆ.

ಸ್ಟಾರ್ಟ್ ಮಾಡುವ ಮುನ್ನ ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ಒತ್ತಿ ಬಿಡಬೇಕು. ಏಕೆಂದರೆ ಚೋಕಿನ ತುದಿಗೆ ಮೆಟ್ಟಿಲು ಮೆಟ್ಟಿಲಾದ ಚಿಕ್ಕ ಕ್ಯಾಮ್ ಇದೆ. ಥ್ರಾಟಲಿನ ಸ್ಕ್ರೂ ಅದನ್ನು ಒತ್ತಿ ಹಿಡಿದಿರುತ್ತದೆ. ಪೆಡಲ್ ಒತ್ತಿದಾಗಲೇ ಆ ಹಿಡಿತ ಸಡಿಲಿ ಬಿಲ್ಲೆ ಮುಚ್ಚುವುದು. ಸ್ಕ್ರೂ ಮೇಲಿನ ಮೆಟ್ಟಿಲಿಗೆ ಬಂದು ಕೂತು ಐಡ್ಲಿಂಗ್ ಏರುತ್ತದೆ. ಎಂಜಿನ್ ಹತ್ತಿಕೊಂಡ ಕ್ಷಣವೇ ವ್ಯಾಕ್ಯೂಮ್ ಬಿಲ್ಲೆಯನ್ನು ಸ್ವಲ್ಪ ತೆರೆಯುತ್ತದೆ. ಇಲ್ಲದಿದ್ದರೆ ಪೆಟ್ರೋಲ್ ಹೆಚ್ಚಾಗಿ ಗಾಡಿ ಉಸಿರುಗಟ್ಟಿ ನಿಲ್ಲುತ್ತಿತ್ತು. ಈ ಜಾಣ್ಮೆ ನನಗೆ ಎಲ್ಲಕ್ಕಿಂತ ಇಷ್ಟ.

ಇಂಥ ಚೋಕನ್ನು ‘ಕಿರಿಕಿರಿ’ ಎಂದು ಕಿತ್ತೆಸೆಯುವವರಿದ್ದಾರೆ. ಅದು ತಪ್ಪು. ಎಷ್ಟೋ ಸಲ ದೋಷ ಹೀಟರಿನ ಕಳಚಿದ ವೈರಿನದೋ ಅಂಟುಕಟ್ಟಿದ ಬಿಲ್ಲೆಯದೋ ಆಗಿರುತ್ತದೆ. 12 ವೋಲ್ಟಿನ ಗಾಡಿಗೆ 6 ವೋಲ್ಟಿನ ಹೀಟರ್ ಹಾಕಿದ್ದೂ ಇರಬಹುದು. ಹಳೆಯ ಬೀಟಲ್ ಇದ್ದರೆ ನಾಳೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಏರ್ ಕ್ಲೀನರ್ ತೆಗೆದು ಪೆಡಲ್ ಒಮ್ಮೆ ಒತ್ತಿ ನೋಡಿ: ಬಿಲ್ಲೆ ಮುಚ್ಚಬೇಕು. ಗಾಡಿ ಸ್ಟಾರ್ಟ್ ಆಗಿ ಕೆಲವು ನಿಮಿಷಗಳಲ್ಲಿ ಅದು ನೆಟ್ಟಗೆ ನಿಲ್ಲಬೇಕು. ನಿಲ್ಲದಿದ್ದರೆ ಡಬ್ಬಿಯ ಮೂರು ಸ್ಕ್ರೂ ಸಡಿಲಿಸಿ, ಅಂಚಿನ ಗುರುತನ್ನು ಕಾರ್ಬ್ಯುರೇಟರಿನ ನಡುಗೆರೆಗೆ ಹೊಂದಿಸಿ ಬಿಗಿ ಮಾಡಿ.