ಕೋಡ್ ಹಾಕಿದ್ರೆ ಸಾಕಾ? ಲೈಸೆನ್ಸ್ ಯಾವುದು?

ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಹೊಲದ ಮಾತುಗಳನ್ನು ಕಲೆಹಾಕಿ ನೀವೊಂದು ನಿಘಂಟು ಆ್ಯಪ್ ಮಾಡಿದ್ರಿ ಅಂದುಕೊಳ್ಳಿ. ಕೋಡನ್ನು ಗಿಟ್‌ಹಬ್‌ಗೆ ಹಾಕಿದ ಮಾತ್ರಕ್ಕೆ ಅದು ಮುಕ್ತವಾಗಲ್ಲ. ಲೈಸೆನ್ಸ್ ಬರೆಯದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕೆಲ್ಲ ನಿಮ್ಮದೇ. ಬೇರೆಯವರು ತಿದ್ದಿ ಹಂಚುವಂತಿಲ್ಲ.

ಎಂಐಟಿ ಲೈಸೆನ್ಸ್ ಕೊಟ್ಟರೆ ಯಾವ ಕಂಪನಿಯಾದರೂ ಅದನ್ನು ಬೆಳೆಸಿ, ಬೀಗ ಹಾಕಿ ಮಾರಬಹುದು. ಜಿಪಿಎಲ್ ಆದರೆ, ತಿದ್ದಿ ಹಂಚುವವರು ತಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು.

ಪದಗಳ ಲೆಕ್ಕ ಬೇರೆ. ವಿ. ಕೃಷ್ಣ ದಶಕಗಳ ಕಾಲ ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತವಾದದ್ದು ದತ್ತಾಂಶಕ್ಕೆಂದೇ ಇರುವ ಓಡಿಬಿಎಲ್ ಲೈಸೆನ್ಸ್‌ನಡಿ: ಬಳಸಿ, ಬೆಳೆಸಿ, ಆದರೆ ಬೆಳೆಸಿ ಹಂಚಿದ್ದನ್ನೂ ಮುಕ್ತವಾಗಿಡಿ.

ಊರಿನ ಮಾತಿಗೆ ಯಾರೂ ಬೀಗ ಹಾಕಬಾರದು ಅಂದ್ರೆ ಇಂಥ ಷರತ್ತು ಬೇಕು. ಮೊದಲ ದಿನವೇ ಆರಿಸಿ. ಹತ್ತು ಜನ ಕೋಡ್ ಸೇರಿಸಿದ ಮೇಲೆ ಬದಲಿಸೋಕೆ ಹತ್ತೂ ಜನರ ಒಪ್ಪಿಗೆ ಕೇಳಬೇಕಾಗುತ್ತೆ.