ಬಿತ್ತುವ ಜೋಳ ಬೇರೆಯೇ ಇರಲಿ

ಮನೆಯ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಉಳಿಸಿಕೊಳ್ಳುವ ಬಗೆ

ಅಕ್ಕಲಕೋಟೆ ಪೇಟೆಯಲ್ಲಿ ಬೇಳೆಕಾಳಿನ ವ್ಯಾಪಾರ ಮಾಡುವ ಹಿರಿಯರೊಬ್ಬರ ಮನೆಯಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ನೀಲಿ ಪರದೆ ಬರುವುದು, ಆರುವುದು, ಮತ್ತೆ ಬರುವುದು. ರಿಪೇರಿ ಹುಡುಗ ಬಂದ. ನಾಲ್ಕು ಗುಂಡಿ ಒತ್ತಿ ನೋಡಿ ಕೇಳಿದ:

“ಕಾಕಾ, ವಿಂಡೋಸ್ ಕೆಟ್ಟದರಿ. ಫಾರ್ಮ್ಯಾಟ್ ಮಾಡಿ ಹೊಸಾದು ಹಾಕಬೇಕಾಗ್ತದ. ಸಿ ಡ್ರೈವ್‌ನಾಗ ಡಾಟಾ ಏನರ ಅದ ಏನ್ರಿ?”

“ಸಿ ಗೀ ನನಗೇನ್ ತಿಳೀತದಪಾ? ನಂದೆಲ್ಲಾ ಪರದೆ ಮ್ಯಾಲೇ ಅದ. ದುಕಾನ ತೆರಿಯೂದ್ರೊಳಗ ಚಾಲೂ ಮಾಡಿ ಕೊಡು.”

ಹುಡುಗ ಚಾಲೂ ಮಾಡಿಕೊಟ್ಟ. ಎರಡು ತಾಸಿನಲ್ಲಿ ಕಂಪ್ಯೂಟರ್ ಎದ್ದು ಕೂತಿತು. ಪರದೆ ಮಾತ್ರ ಖಾಲಿ! ಆರು ವರ್ಷದ ಟ್ಯಾಲಿ ಲೆಕ್ಕ, ತೀರಿಕೊಂಡ ತಮ್ಮನ ಮದುವೆಯ ಫೋಟೋಗಳು, ಅಜ್ಜನ ಕಾಲದ ವಾಟಣಿ ಪತ್ರದ ಸ್ಕ್ಯಾನ್ ಪ್ರತಿ, ಊರಿನ ಕನ್ನಡ ಶಾಲೆಗೆ ಮಾಸ್ತರರು ಬೇಕೆಂದು ಬರೆದ ಅರ್ಜಿಗಳು ಎಲ್ಲವೂ ಹೋಗಿದ್ದವು. ಆಡಿಟರ್ ಬಳಿ ಇದ್ದ ಪ್ರತಿಗಳನ್ನು ತಂದು ಮೂರು ತಿಂಗಳು ಕೂತು ಲೆಕ್ಕವನ್ನೇನೋ ಮತ್ತೆ ಕಟ್ಟಿದರು. ತಮ್ಮನ ಫೋಟೋ ಸಿಗಲಿಲ್ಲ. ವಾಟಣಿ ಪತ್ರದ ಮೂಲ ಕಾಗದಕ್ಕೆ ಗೆದ್ದಲು ಹಿಡಿದು ಎಷ್ಟೋ ವರ್ಷವಾಗಿತ್ತು.

ಹುಡುಗನದು ತಪ್ಪೆನ್ನಲಾಗದು, ಅವನು ಕೇಳಿಯೇ ಮಾಡಿದ್ದ. ಹಿರಿಯರೂ ಸುಳ್ಳು ಹೇಳಲಿಲ್ಲ. ತಾವು ದಿನವೂ ಕಾಣುವ ಆ ‘ಪರದೆ’ ಇರುವುದೇ ಸಿ ಡ್ರೈವಿನೊಳಗೆ ಎಂಬ ಒಂದು ಮಾತು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹಗೇವಿನ ಲೆಕ್ಕ

ನಮ್ಮ ಜೋಳದ ಸೀಮೆಯಲ್ಲಿ ಹಗೇವು ಕಂಡ ಹಿರಿಯರು ಇನ್ನೂ ಇದ್ದಾರೆ. ಉಣ್ಣುವ ಜೋಳ ನೆಲದೊಳಗಿನ ಹಗೇವಿಗೆ ಹೋಗುತ್ತಿತ್ತು. ಬಿತ್ತುವ ಜೋಳವನ್ನು ಮಾತ್ರ ಯಾರೂ ಅದರೊಳಗೆ ಸುರಿಯುತ್ತಿರಲಿಲ್ಲ. ಒಳ್ಳೆಯ ತೆನೆ ಆರಿಸಿ, ಬೇರೆ ಬಡಿದು, ಬೂದಿ ಕಲಸಿ, ಗಡಿಗೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು. ಹಗೇವಿಗೆ ನೀರು ನುಗ್ಗಿದರೆ ಆ ವರ್ಷ ಕಷ್ಟ, ಆದರೆ ಬೀಜ ಉಳಿದರೆ ಮುಂದಿನ ವರ್ಷ ಬೆಳೆ ಉಂಟು.

ಕಂಪ್ಯೂಟರಿಗೂ ಇದೇ ಲೆಕ್ಕ. ಅದರೊಳಗೆ ಇರುವುದು ಎರಡೇ ಬಗೆ. ಒಂದು, ಯಂತ್ರ ನಡೆಸುವ ವಿಂಡೋಸ್ ಮತ್ತು ಇತರ ಪ್ರೋಗ್ರಾಮುಗಳು. ಇವು ಹೋದರೆ ಮತ್ತೆ ಸಿಗುತ್ತವೆ. ಪರವಾನಗಿ ಇರುವ ವಿಂಡೋಸ್ 10 ಅಥವಾ 11 ಆದರೆ, 8 ಜಿಬಿಯ ಒಂದು ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟಿನಿಂದಲೇ ಇಳಿಸಿಕೊಂಡು ಅದೇ ಯಂತ್ರಕ್ಕೆ ಪುಕ್ಕಟೆ ಹಾಕಿಕೊಳ್ಳಬಹುದು. ಇನ್ನೊಂದು, ನೀವು ಮಾಡಿದ ಕಡತಗಳು. ಇವನ್ನು ಯಾವ ಕಂಪನಿಯೂ ತಿರುಗಿ ಕೊಡಲಾರದು. ಎರಡನ್ನೂ ಒಂದೇ ಹಗೇವಿಗೆ ಸುರಿದಿರುವುದೇ ನಮ್ಮಲ್ಲಿ ಬಹಳ ಮನೆಗಳ ಸ್ಥಿತಿ.

ಈ ಮಾತು ಈಗಲೇ ಆಡಬೇಕಾದ ಕಾರಣವೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹಾಗಾಗಿ ಊರೂರಲ್ಲಿ ಹೊಸ ಯಂತ್ರ ತರುವುದು, ಹಳೆಯದನ್ನು ಫಾರ್ಮ್ಯಾಟ್ ಮಾಡಿಸುವುದು ನಡೆದೇ ಇದೆ. ಕಡತ ಕಳೆದುಹೋಗುವುದು ಇಂಥ ಸಮಯದಲ್ಲೇ.

ಎರಡು ಕೋಣೆ ಮಾಡಿ

ಪರದೆ ಅಂದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಈ ನಾಲ್ಕೂ ನೀವು ಬದಲಾಯಿಸದೆ ಬಿಟ್ಟರೆ ಸಿ ಡ್ರೈವಿನಲ್ಲೇ ಇರುತ್ತವೆ. ಟ್ಯಾಲಿಪ್ರೈಮ್ ಲೆಕ್ಕವೂ ಸಾಮಾನ್ಯವಾಗಿ ಸಿ ಒಳಗಿನ ‘ಯೂಸರ್ಸ್’, ಅದರೊಳಗಿನ ‘ಪಬ್ಲಿಕ್’, ಅದರೊಳಗಿನ ‘ಟ್ಯಾಲಿಪ್ರೈಮ್’ ಎಂಬ ಕೋಶದಲ್ಲಿ ಕೂತಿರುತ್ತದೆ. ಸಿ ಫಾರ್ಮ್ಯಾಟ್ ಆದರೆ ಇವೆಲ್ಲ ಒಟ್ಟಿಗೇ ಹೋಗುತ್ತವೆ.

ಇದಕ್ಕೆ ಪರಿಹಾರ ಡಿ ಡ್ರೈವ್. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬಲ್ಲಿ ಹೋಗಿ ಸಿ ಡ್ರೈವನ್ನು ‘ಶ್ರಿಂಕ್’ ಮಾಡಿದರೆ, ಅಂದರೆ ಕುಗ್ಗಿಸಿದರೆ, ಉಳಿದ ಜಾಗದಲ್ಲಿ ಡಿ ಎಂಬ ಇನ್ನೊಂದು ಕೋಣೆ ಏಳುತ್ತದೆ. ಕೈ ಹಾಕುವ ಮುನ್ನ ಎಲ್ಲದರ ಒಂದು ಪ್ರತಿ ಹೊರಗೆ ತೆಗೆದಿಟ್ಟುಕೊಳ್ಳಬೇಕು. ಧೈರ್ಯ ಸಾಲದಿದ್ದರೆ ತಿಳಿದವರಿಂದ ಮಾಡಿಸಿ. ಆಮೇಲೆ ‘ಡಾಕ್ಯುಮೆಂಟ್ಸ್’ ಮೇಲೆ ಇಲಿಯ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ಅದರಲ್ಲಿ ‘ಲೊಕೇಶನ್’, ಅದರಲ್ಲಿ ‘ಮೂವ್’ ಎಂದು ಡಿಯೊಳಗಿನ ಕೋಶ ತೋರಿಸಿದರೆ ಸಾಕು. ಹೆಸರು ಅದೇ, ಕಾಣುವುದೂ ಮೊದಲಿನಂತೆಯೇ, ವಾಸ ಮಾತ್ರ ಡಿಯಲ್ಲಿ. ಡೆಸ್ಕ್‌ಟಾಪ್‌ಗೂ ಪಿಕ್ಚರ್ಸ್‌ಗೂ ಹೀಗೇ ಮಾಡಿ. ಟ್ಯಾಲಿಯ ಡೇಟಾ ದಾರಿಯನ್ನೂ ಡಿಗೆ ತಿರುಗಿಸಬಹುದು.

ಮುಂದೆ ವಿಂಡೋಸ್ ಕೆಟ್ಟರೆ ಹುಡುಗನಿಗೆ ನೀವು ಹೇಳಬೇಕಾದ್ದು ಒಂದೇ ಮಾತು: “ಸಿ ಬೇಕಾದ್ದು ಮಾಡು ತಮ್ಮಾ, ಡಿಗೆ ಕೈ ಹಚ್ಚಬ್ಯಾಡ.”

ಡಿ ಇಲ್ಲದವರೂ ಫಾರ್ಮ್ಯಾಟ್‌ಗೆ ಹೂಂ ಎನ್ನುವ ಮೊದಲು ತಡೆಯಿರಿ. ವಿಂಡೋಸ್ ಏಳದಿದ್ದ ಮಾತ್ರಕ್ಕೆ ಕಡತ ಸತ್ತಿರುವುದಿಲ್ಲ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಇಲ್ಲವೇ ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಿದರೆ, ಡಿಸ್ಕ್ ಗಟ್ಟಿ ಇದ್ದಲ್ಲಿ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಅಕ್ಕಲಕೋಟೆಯ ಹಿರಿಯರ ಕಡತಗಳನ್ನೂ ಹೀಗೆ ಉಳಿಸಲು ನೋಡಬಹುದಿತ್ತು. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಹಲವಕ್ಕೆ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದಿರುತ್ತದೆ. ಬಿಟ್‌ಲಾಕರ್ ಎಂಬ ಈ ಬೀಗದ ಕೈ 48 ಅಂಕಿಯದು. ಅದನ್ನು ಈಗಲೇ ಹುಡುಕಿ ಒಂದು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ. ಕೈ ಇಲ್ಲದಿದ್ದರೆ ಡಿಸ್ಕ್ ಬಿಚ್ಚಿಯೂ ಪ್ರಯೋಜನವಿಲ್ಲ.

ಒಂದೇ ಮನೆಯ ಎರಡು ಕೋಣೆ ಸಾಲದು

ಡಿ ಡ್ರೈವ್ ಇದೆ, ಇನ್ನು ಭಯವಿಲ್ಲ ಎಂದು ಕಾಲು ಚಾಚಿ ಕೂತವರೂ ಕೆಟ್ಟಿದ್ದಾರೆ. ಸಿ ಮತ್ತು ಡಿ ಬಹಳ ಕಡೆ ಒಂದೇ ಡಿಸ್ಕಿನ ಎರಡು ಭಾಗ. ಮಾಳಿಗೆಯೇ ಕುಸಿದರೆ ಎರಡೂ ಕೋಣೆ ಹೋದವು. ಸಿಡಿಲು ಬಡಿಯಬಹುದು, ಪಂಪ್‌ಸೆಟ್ ಲೈನಿನ ವೋಲ್ಟೇಜ್ ಏರಿಳಿತಕ್ಕೆ ಡಿಸ್ಕ್ ಸುಡಬಹುದು, ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳುವಾಗಬಹುದು. ಬೇರೆ ಇಡುವುದು ಒಂದು ಕೆಲಸ, ಪ್ರತಿ ಮಾಡುವುದು ಇನ್ನೊಂದು ಕೆಲಸ. ಎರಡೂ ಬೇಕು.

ತಿಳಿದವರು ಇದಕ್ಕೆ 3-2-1 ಎಂಬ ಲೆಕ್ಕ ಹೇಳುತ್ತಾರೆ. ಯಾವುದೇ ಮುಖ್ಯ ಕಡತಕ್ಕೆ 3 ಪ್ರತಿ, ಅವು 2 ಬಗೆಯ ಸಾಧನದಲ್ಲಿ, ಅದರಲ್ಲಿ 1 ಮನೆಯಿಂದ ಹೊರಗೆ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಗೂಗಲ್ ಡ್ರೈವ್‌ನಂಥ ಕಡೆ ಅಥವಾ ಬೇರೆ ಊರಿನಲ್ಲಿ.

ಬೇರೆ ಊರು ಎಂದರೆ ನಮಗೇನು ಕೊರತೆ? ಗಡಿಯವರಿಗೆ ಬೀಗರು ಎರಡೂ ಕಡೆ ಇದ್ದಾರೆ. ಎರಡು ಹಾರ್ಡ್‌ಡಿಸ್ಕ್ ಕೊಂಡು ಒಂದನ್ನು ಅಕ್ಕಲಕೋಟೆಯಲ್ಲಿ, ಇನ್ನೊಂದನ್ನು ಇಂಡಿಯ ಬೀಗರ ಮನೆಯಲ್ಲಿ ಇಟ್ಟು, ಹಬ್ಬ ಜಾತ್ರೆಗೆ ಹೋದಾಗ ಅದಲು ಬದಲು ಮಾಡಿಕೊಳ್ಳಬಹುದು. ಹೊರಗೆ ಇಡುವ ಡಿಸ್ಕಿಗೆ ಪಾಸ್‌ವರ್ಡ್ ಹಾಕುವುದು ಮರೆಯಬೇಡಿ. ಬೀಗರೇ ಆದರೂ ಲೆಕ್ಕ ಲೆಕ್ಕವೇ!

ಇಂಟರ್ನೆಟ್ಟಿನ ಪ್ರತಿಯ ಬಗ್ಗೆ ಒಂದು ಎಚ್ಚರಿಕೆ. ಗೂಗಲ್ 15 ಜಿಬಿ, ಮೈಕ್ರೋಸಾಫ್ಟಿನ ಒನ್‌ಡ್ರೈವ್ 5 ಜಿಬಿ ಜಾಗ ಪುಕ್ಕಟೆ ಕೊಡುತ್ತವೆ. ಆದರೆ ಕಂಪ್ಯೂಟರ್ ಜತೆ ಕಟ್ಟಿಹಾಕಿದ ಕೋಶದಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಉಳಿಯುವುದು ಸಾಮಾನ್ಯವಾಗಿ 30 ದಿನ. ಅಳಿದದ್ದು ಗೊತ್ತಾಗುವುದು ಎರಡು ತಿಂಗಳ ನಂತರವಾದರೆ ಮಾಡುವುದೇನು? ಆದ್ದರಿಂದ ಅದೊಂದನ್ನೇ ನಂಬಬೇಡಿ.

ವಯನಾಡಿನಲ್ಲಿ ಆದದ್ದು

ಹಾರ್ಡ್‌ಡಿಸ್ಕನ್ನು ಯಾವಾಗಲೂ ಚುಚ್ಚಿಟ್ಟುಕೊಂಡೇ ಇರುವುದೂ ಸರಿಯಲ್ಲ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಕಂಪ್ಯೂಟರ್ ಪಿಡುಗು ಜಗತ್ತಿನ ತುಂಬ ಹರಡಿತು. ಕಡತಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರ್ ಕೊಡಿ ಎಂದು ಕೇಳುವುದು ಅದರ ವರಸೆ. ಲಂಡನ್ನಿನ ಸುದ್ದಿ ನಮಗೇಕೆ ಎನ್ನುವಷ್ಟರಲ್ಲಿ, ನಮ್ಮ ಕನ್ನಡಿಗರೂ ಇರುವ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯಿತಿಯ ಕಂಪ್ಯೂಟರುಗಳಿಗೂ ಅದು ತಗುಲಿದ ವರದಿ ಬಂತು. ಆಂಧ್ರ ಪೊಲೀಸರ ಕೆಲವು ಕಂಪ್ಯೂಟರುಗಳನ್ನೂ ಅದು ಬಿಡಲಿಲ್ಲ. ಅದಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ, ಬಿಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಇಂಥ ಪಿಡುಗು ಕಂಪ್ಯೂಟರಿಗೆ ಜೋಡಿಸಿಟ್ಟ ಡಿಸ್ಕನ್ನೂ ಹೊಕ್ಕುತ್ತದೆ. ಬಿಚ್ಚಿ ಕಪಾಟಿನಲ್ಲಿಟ್ಟ ಡಿಸ್ಕಿಗೆ ಅದು ಹೋಗಲಾರದು. ಪ್ರತಿ ತೆಗೆಯಿರಿ, ‘ಇಜೆಕ್ಟ್’ ಒತ್ತಿ ಬಿಚ್ಚಿ, ಒಳಗಿಡಿ.

ಯಾವುದು ಬಿತ್ತುವ ಜೋಳ?

ಎಲ್ಲದಕ್ಕೂ ಮೂರು ಪ್ರತಿ ಮಾಡುತ್ತ ಕೂತರೆ ಕೆಲಸ ಸಾಗದು. ಕಡತಗಳನ್ನು ಮೂರು ರಾಶಿ ಮಾಡಿಕೊಳ್ಳಿ.

ಮೊದಲ ರಾಶಿ, ಮತ್ತೆ ಸಿಗುವಂಥವು. ಮಹಾರಾಷ್ಟ್ರದ ಸಾತಬಾರಾ ಉತಾರಾ, ಕರ್ನಾಟಕದ ಪಹಣಿ, ಆಧಾರ್ ಪ್ರತಿ, ಸಿನಿಮಾ, ಹಾಡು. ಇವು ಹೋದರೆ ಮತ್ತೆ ಇಳಿಸಿಕೊಳ್ಳಬಹುದು.

ಎರಡನೆಯದು, ಕಷ್ಟಪಟ್ಟರೆ ಮತ್ತೆ ಕಟ್ಟಬಹುದಾದ ಲೆಕ್ಕಪತ್ರ. ವ್ಯಾಪಾರಿಗಳು ಇದನ್ನು ಹಗುರವಾಗಿ ನೋಡಬಾರದು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಕಾಯ್ದಿಡಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಸರಿಯಾದ ಬ್ಯಾಕಪ್ ಇಟ್ಟುಕೊಂಡಿರಬೇಕು, ಅಪಘಾತವೋ ನೈಸರ್ಗಿಕ ಕಾರಣವೋ ಆಗಿ ನಾಶವಾದರೆ ತಕ್ಕ ಅವಧಿಯಲ್ಲಿ ಮತ್ತೆ ತೆಗೆಯಲು ಬರಬೇಕು ಎಂದು 2017ರ ಜಿಎಸ್‌ಟಿ ನಿಯಮಗಳ 57ನೇ ನಿಯಮವೇ ಹೇಳುತ್ತದೆ. ಟ್ಯಾಲಿಯೊಳಗೇ ಬ್ಯಾಕಪ್ ಎಂಬ ಆಯ್ಕೆ ಇದೆ. ಸಂತೆಯ ಸಂಜೆ ಅದನ್ನು ಒತ್ತಿ, ಪ್ರತಿ ಸಲವೂ ತಾರೀಖಿನ ಹೆಸರಿಟ್ಟ ಬೇರೆ ಕೋಶಕ್ಕೆ ಹಾಕಿ. ಹಳೆಯದರ ಮೇಲೆಯೇ ಹೊಸದು ಬರೆಯುತ್ತ ಹೋದರೆ, ಕೆಟ್ಟ ಲೆಕ್ಕವೇ ಒಳ್ಳೆಯ ಲೆಕ್ಕವನ್ನು ನುಂಗುವ ಅಪಾಯವುಂಟು.

ಮೂರನೆಯದು, ಹೋದರೆ ಹೋಯಿತು ಎನ್ನುವಂಥವು. ವಾಟಣಿ ಪತ್ರ, ಹಳೆಯ ಖರೀದಿ ಪತ್ರದ ಚಿತ್ರ, ಮನೆಯವರ ಫೋಟೋ, ಅವ್ವ ಹಾಡಿದ ಸೋಬಾನೆಯ ಧ್ವನಿಮುದ್ರಣ. ಇದೇ ಬಿತ್ತುವ ಜೋಳ. ಮೂರು ಪ್ರತಿಯ ಲೆಕ್ಕ ಮೊದಲು ಇದಕ್ಕೆ ಅನ್ವಯವಾಗಲಿ. ಹೆಚ್ಚಿನ ಮನೆಗಳಲ್ಲಿ ಇದು ಒಂದು ಸಣ್ಣ ಹಾರ್ಡ್‌ಡಿಸ್ಕಿನಲ್ಲಿ ಹಿಡಿಯುತ್ತದೆ.

ಕನ್ನಡ ಓದಲು ಬರಬೇಕಲ್ಲ!

ನಮ್ಮವರಿಗೆ ಇನ್ನೊಂದು ಪೇಚು ಇದೆ. ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಅರ್ಜಿ, ಆಮಂತ್ರಣ, ಸಂಘದ ಠರಾವುಗಳು ಬಹಳ ಇವೆ. ಅವು ಯೂನಿಕೋಡ್ ಅಲ್ಲ. ಫಾಂಟ್ ಇರುವುದು ಸಿ ಡ್ರೈವಿನಲ್ಲಿ, ಕಡತ ಇರುವುದು ಡಿಯಲ್ಲಿ. ವಿಂಡೋಸ್ ಹೊಸದಾಗಿ ಹಾಕಿದರೆ ಕಡತ ಉಳಿಯುತ್ತದೆ, ತೆರೆದರೆ ಮಾತ್ರ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗೀಟುಗಳು! ಮರಾಠಿಯಲ್ಲಿ ಹಳೆಯ ಫಾಂಟಿನಿಂದ ಮಾಡಿದ ಕಾಗದಗಳ ಗತಿಯೂ ಅದೇ.

ಆದ್ದರಿಂದ ಫಾಂಟ್‌ಗಳ ಒಂದು ಪ್ರತಿಯನ್ನೂ ತಂತ್ರಾಂಶವನ್ನೂ ಕಡತಗಳ ಜತೆಗೇ ಇಡಿ. ಮುಖ್ಯವಾದವನ್ನು ಯೂನಿಕೋಡಿಗೆ ಬದಲಾಯಿಸಿ. ಜತೆಗೊಂದು ಪಿಡಿಎಫ್ ಮಾಡಿಟ್ಟರೆ ಯಾವ ಯಂತ್ರದಲ್ಲಾದರೂ ಓದಬಹುದು.

ತೆರೆದು ನೋಡದ ಗಡಿಗೆ

ಅಟ್ಟದ ಗಡಿಗೆಯನ್ನು ಬಿತ್ತನೆಯ ದಿನವೇ ಇಳಿಸಿದರೆ ಹುಳ ಬಿದ್ದದ್ದು ಆಗ ತಿಳಿದು ಫಲವಿಲ್ಲ. ಹಿರಿಯರು ನಡುನಡುವೆ ಬಿಚ್ಚಿ ನೋಡಿ, ಬಿಸಿಲಿಗೆ ಹಾಕಿ ಮತ್ತೆ ಕಟ್ಟುತ್ತಿದ್ದರು. ನೀವೂ ಆರು ತಿಂಗಳಿಗೊಮ್ಮೆ ಆ ಹಾರ್ಡ್‌ಡಿಸ್ಕನ್ನು ಬೇರೊಬ್ಬರ ಕಂಪ್ಯೂಟರಿಗೆ ಹಾಕಿ ನಾಲ್ಕು ಕಡತ ತೆರೆದು ನೋಡಿ. ತೆರೆದರೆ ಮಾತ್ರ ಅದು ಬ್ಯಾಕಪ್. ಹತ್ತು ವರ್ಷದ ಹಳೆಯ ಡಿಸ್ಕನ್ನು ನೆಚ್ಚಿ ಕೂರದೆ, ಸದ್ದು ಮಾಡುವ ಮೊದಲೇ ಹೊಸದಕ್ಕೆ ನಕಲು ಮಾಡಿಕೊಳ್ಳಿ.

ದಿನ ಯಾವುದು ಎಂದು ಹುಡುಕುವುದೂ ಬೇಡ. ಮಾರ್ಚ್ 31 ವ್ಯಾಪಾರಿಗಳಿಗೆ ವರ್ಷದ ಲೆಕ್ಕ ಮುಗಿಸುವ ದಿನ. ಜಗತ್ತಿನಲ್ಲಿ ‘ಬ್ಯಾಕಪ್ ದಿನ’ ಎಂದು ಆಚರಿಸುವುದೂ ಅದೇ ದಿನವನ್ನು. ಇನ್ನೊಂದು ದೀಪಾವಳಿ, ಲಕ್ಷ್ಮೀಪೂಜೆಗೆ ಹೊಸ ವಹಿ ಇಡುವ ಹೊತ್ತು. ವರ್ಷಕ್ಕೆ ಈ ಎರಡು ಸಲ ತೆರೆದು ನೋಡುವುದು, ವಾರಕ್ಕೊಮ್ಮೆ ಪ್ರತಿ ತೆಗೆಯುವುದು. ಇಷ್ಟೇ ಕೆಲಸ.

ಅಕ್ಕಲಕೋಟೆಯ ಆ ಹಿರಿಯರು ಈಗ ಹೋದ ದೀಪಾವಳಿಗೆ ವಹಿಯ ಪಕ್ಕದಲ್ಲಿ ಹಾರ್ಡ್‌ಡಿಸ್ಕಿಗೂ ಕುಂಕುಮ ಹಚ್ಚಿದರು. ಮೊಮ್ಮಗಳು ನಕ್ಕಿದ್ದಕ್ಕೆ, “ನಗಬ್ಯಾಡವ್ವಾ, ನಿಮ್ಮ ಸಣ್ಣಜ್ಜ ಇದರಾಗ ಇರಬೇಕಾಗಿತ್ತು” ಎಂದರಂತೆ.