ಶ್ರೀಗಂಧವೂ ಸಣ್ಣ ರೈತನೂ

ನಿಮ್ಮ ದೇವರ ಮನೆಯಲ್ಲಿ ಒಂದು ಗಂಧದ ಕೊರಡೂ ಅದನ್ನು ತೇಯುವ ಸಾಣೆಕಲ್ಲೂ ಇರಬಹುದು. ಅಜ್ಜಿಯ ಕಾಲದಿಂದ ತೇಯ್ದು ತೇಯ್ದು ಆ ಕೊರಡು ಬೆರಳುದ್ದಕ್ಕೆ ಇಳಿದಿರಲೂಬಹುದು. ಇನ್ನೊಂದನ್ನು ತರೋಣವೆಂದು ಅಂಗಡಿಗೆ ಹೋಗಿ ಬೆಲೆ ಕೇಳಿದವರು ಸುಮ್ಮನೆ ಹಿಂತಿರುಗಿದ್ದೂ ಉಂಟು. ಗಂಧದ ನಾಡೆಂದು ಹೆಸರಾದ ನಮ್ಮಲ್ಲೇ ಗಂಧ ಇಷ್ಟು ಅಪರೂಪವಾದದ್ದು ಹೇಗೆ? ಈಗ ರೈತನು ತನ್ನ ಹೊಲದಲ್ಲಿ ಗಂಧ ಬೆಳೆದು ತನ್ನದೆಂದು ಹೇಳಿಕೊಳ್ಳಬಹುದಾಗಿದೆಯಷ್ಟೆ. ಅದರಿಂದ ಅವನಿಗೆ ನಿಜವಾಗಿ ಒದಗುವುದೇನು? ಈ ಎರಡು ಪ್ರಶ್ನೆಗಳನ್ನು ಹನೂರಿನ ಕಡೆಯ ಒಬ್ಬ ಸಣ್ಣ ಹಿಡುವಳಿದಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ವಲ್ಪ ವಿಚಾರ ಮಾಡೋಣ.

ಮೊದಲನೆಯ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಕಾನೂನಿನಲ್ಲಿದೆ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮರ ಯಾರ ಹೊಲದಲ್ಲೇ ಹುಟ್ಟಲಿ, ಒಡೆತನ ಆಳುವವರದು. ಟಿಪ್ಪುವಿನ ಕಾಲ ಮುಗಿದ ಮೇಲೂ ಮೈಸೂರು ಸಂಸ್ಥಾನದಲ್ಲಿ ಈ ಕಟ್ಟು ಉಳಿಯಿತು. ಮೊದಲನೆಯ ಮಹಾಯುದ್ಧ ಬಂದು ಯೂರೋಪಿಗೆ ಗಂಧದ ಮರ ಕಳಿಸುವುದು ಕಷ್ಟವಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಆರಂಭವಾಯಿತು. 1918ರಲ್ಲಿ ಸಾಬೂನು ತಯಾರಾಯಿತು. ಸರ್ಕಾರಕ್ಕೆ ವರಮಾನವೂ ನಾಡಿಗೆ ಕೀರ್ತಿಯೂ ಬಂದವು.

ಆದರೆ ರೈತನ ಪಾಡು ಬೇರೆ. ಹಕ್ಕಿ ತಿಂದು ಹಾಕಿದ ಬೀಜದಿಂದ ಬದುವಿನ ಮೇಲೆ ಗಂಧದ ಸಸಿಯೊಂದು ತಾನಾಗಿ ಹುಟ್ಟಿದರೆ ಅವನು ಹಿಗ್ಗುತ್ತಿರಲಿಲ್ಲ, ಹೆದರುತ್ತಿದ್ದ. ಮರ ಸರ್ಕಾರದ್ದು, ಕಾಯುವ ಹೊಣೆ ತನ್ನದು, ಕಳುವಾದರೆ ಮೊದಲ ಸಂಶಯವೂ ತನ್ನ ಮೇಲೆಯೇ. ಹೀಗಿರುವಾಗ ಸಸಿ ನಾಲ್ಕು ಎಲೆ ಬಿಡುವಷ್ಟರಲ್ಲೇ ಕಿತ್ತೆಸೆಯುವುದು ಜಾಣತನವೆಂದು ಅನೇಕರು ಬಗೆದರು. ಸ್ವಾತಂತ್ರ್ಯ ಬಂದ ಮೇಲೆ 1963ರ ಅರಣ್ಯ ಕಾಯಿದೆಯೂ ಮರದ ಮೇಲಿನ ಸರ್ಕಾರದ ಹಕ್ಕನ್ನು ಉಳಿಸಿಕೊಂಡೇ ಬಂತು. ಹೀಗೆ ಹೊಲದಲ್ಲಿ ಗಂಧ ಬೆಳೆಯಲಿಲ್ಲ. ಬೇಡಿಕೆಯ ಭಾರವೆಲ್ಲ ಕಾಡಿನ ಮರಗಳ ಮೇಲೆ ಬಿತ್ತು.

ಆ ಭಾರವನ್ನು ಹನೂರಿನಷ್ಟು ಚೆನ್ನಾಗಿ ಬಲ್ಲ ಸೀಮೆ ಕಡಿಮೆ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಈ ಊರನ್ನು ನೀವು ನೋಡಿರಬಹುದು. 1956ರವರೆಗೆ ಕೊಳ್ಳೇಗಾಲದ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಈಗ ಹನೂರು ಚಾಮರಾಜನಗರ ಜಿಲ್ಲೆಯ ಒಂದು ತಾಲ್ಲೂಕು. ರಾಗಿ, ಮುಸುಕಿನ ಜೋಳ, ಅರಿಸಿನ, ಹಿಪ್ಪುನೇರಳೆ ಇಲ್ಲಿಯ ಬೆಳೆಗಳು. ಸುತ್ತ ಒಣಗಾಡು, ಗಂಧಕ್ಕೆ ಅದೇ ತವರು. ಈ ಕಾಡಿನಂಚಿನ ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್ ಗಂಧವನ್ನೂ ಆನೆಯ ದಂತವನ್ನೂ ಕದ್ದು ಸಾಗಿಸಿದ ಕಥೆ ನಿಮಗೆ ತಿಳಿದದ್ದೇ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕೊಲೆಯಾದರು. 1992ರ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಯಿತು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸಾಯುವವರೆಗೆ ಬೆಟ್ಟದ ತಪ್ಪಲಿನ ಹಳ್ಳಿಗಳು ಒಂದು ಕಡೆ ಕಳ್ಳನಿಗೂ ಇನ್ನೊಂದು ಕಡೆ ಪೊಲೀಸರಿಗೂ ಅಂಜಿ ಬಾಳಿದವು. ಗಂಧದ ಹೆಸರೆತ್ತುವುದೇ ಅಲ್ಲಿ ಅಪಾಯವಾಗಿತ್ತು.

ಇಷ್ಟಾದ ಮೇಲೆ ಬೀಗ ತೆರೆಯಿತು. 2001ರಲ್ಲಿ ಕರ್ನಾಟಕ ಸರ್ಕಾರ ಅರಣ್ಯ ಕಾಯಿದೆಯನ್ನು ತಿದ್ದಿ, ಜಮೀನಿನ ಒಡೆಯನಿಗೇ ಅಲ್ಲಿಯ ಗಂಧದ ಮರವೂ ಸೇರತಕ್ಕದ್ದೆಂದು ಒಪ್ಪಿತು. ಮರುವರ್ಷ ತಮಿಳುನಾಡೂ ಇದೇ ದಾರಿ ಹಿಡಿಯಿತು. ಹಾಗೆಂದು ಕೊಡಲಿ ಹಿಡಿದು ಹೋಗಿ ಕಡಿಯುವಂತಿರಲಿಲ್ಲ. ಕಡಿಯುವುದಕ್ಕೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಸಾಗಿಸಲು ರಹದಾರಿ ಬೇಕು. ಮಾರಾಟವೂ ಮೊದಮೊದಲು ಇಲಾಖೆಗೆ ಇಲ್ಲವೆ ಸರ್ಕಾರದ ಸಂಸ್ಥೆಗಳಿಗೆ ಮಾತ್ರ. 2022ರಲ್ಲಿ ರಾಜ್ಯ ಸಚಿವ ಸಂಪುಟವು ಶ್ರೀಗಂಧ ನೀತಿಯೊಂದನ್ನು ಒಪ್ಪಿ, ಮಾರಾಟದ ದಾರಿಯನ್ನು ಇನ್ನಷ್ಟು ಸಡಿಲಿಸುವ ಉದ್ದೇಶವನ್ನು ಸಾರಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು.  ಮರ ರೈತನದಾದ ಮೇಲೆ ಅದನ್ನು ಕಾಯುವ ಖರ್ಚೂ ಅವನ ತಲೆಯ ಮೇಲೆಯೇ ಇದೆ. ಅದು ಎಷ್ಟು ದೊಡ್ಡದೆಂದು ತಿಳಿಯಲು ಮರದ ಸ್ವಭಾವವನ್ನು ಸ್ವಲ್ಪ ಅರಿಯಬೇಕು.

ಶ್ರೀಗಂಧ ಅರೆ ಪರಾವಲಂಬಿ. ಎಲೆ ಹಸುರಾಗಿದ್ದು ಬಿಸಿಲಿನಿಂದ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ, ನಿಜ. ಆದರೆ ನೀರು ಮತ್ತು ಲವಣಗಳಿಗಾಗಿ ಅದರ ಬೇರು ನೆರೆಯ ಗಿಡದ ಬೇರನ್ನು ಚಿಕ್ಕ ಗಂಟುಗಳ ಮೂಲಕ ಕಚ್ಚಿಕೊಳ್ಳುತ್ತದೆ. ಒಂಟಿಯಾಗಿ ನೆಟ್ಟ ಗಂಧ ಸೊರಗುತ್ತದೆ. ಆದ್ದರಿಂದ ಸಸಿಯ ಮಗ್ಗುಲಲ್ಲಿ ಮೊದಲ ವರ್ಷಗಳಿಗೆ ತೊಗರಿಯನ್ನೂ ಮುಂದಕ್ಕೆ ಸರ್ವೆ, ಹೊಂಗೆ, ಹೆಬ್ಬೇವು, ನೆಲ್ಲಿ ಮುಂತಾದವನ್ನೂ ಬೆಳೆಸುತ್ತಾರೆ. ಬೆಲೆಯಿರುವುದು ಮರದ ಒಳಗಿನ ಚೇಗಿಗೆ. ಎಣ್ಣೆ ಸೇರುವುದು ಅಲ್ಲಿ. ಚೇಗು ಕಟ್ಟಲು ತೊಡಗುವುದಕ್ಕೇ ಏಳೆಂಟು ವರ್ಷ ಬೇಕು. ತಕ್ಕಷ್ಟು ಕೂಡಲು ಹದಿನೈದು ವರ್ಷವಾದರೂ ಆಗಬೇಕು. ಹಿಂದಿನವರು ಇಪ್ಪತ್ತೈದು, ಮೂವತ್ತು ವರ್ಷ ಕಾಯುತ್ತಿದ್ದರು. ಒಂದೇ ಸಾಲಿನ ಎರಡು ಮರಗಳಲ್ಲಿ ಒಂದರಲ್ಲಿ ಚೇಗು ತುಂಬಿ, ಇನ್ನೊಂದರಲ್ಲಿ ಬಡಕಲಾಗಿರುವುದೂ ಉಂಟು. ಇದರ ಮೇಲೆ ಎಲೆಗಳನ್ನು ಸಣ್ಣ ಮುಳ್ಳಿನಂತೆ ಕುಗ್ಗಿಸಿ ಮರವನ್ನೇ ಕೊಲ್ಲುವ ಸ್ಪೈಕ್ ರೋಗ ಬೇರೆ. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ಈ ರೋಗಕ್ಕೆ ಹೊಲದಲ್ಲಿ ಹಾಕಿ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ.

ಈಗ ಕಾವಲಿನ ಲೆಕ್ಕ ಹಾಕಿ ನೋಡಿ. ಚೇಗು ಕಟ್ಟಿತೋ ಇಲ್ಲವೋ ಎಂದು ಕಳ್ಳನು ರಾತ್ರಿ ಬಂದು ಕಾಂಡಕ್ಕೆ ತೂತು ಕೊರೆದು ನೋಡುತ್ತಾನೆ. ಕಟ್ಟಿದ್ದರೆ ಮರ ಹೋಯಿತು. ಕಟ್ಟಿರದಿದ್ದರೂ ಮರಕ್ಕೆ ಗಾಯವಾಯಿತು. ಮೂವತ್ತು ಮರವಿದ್ದರೂ ಮೂರು ಸಾವಿರ ಮರವಿದ್ದರೂ ರಾತ್ರಿ ಎದ್ದಿರುವ ಕಾವಲುಗಾರ ಬೇಕೇ ಬೇಕು. ಬೇಲಿ, ದೀಪ, ನಾಯಿ, ಕ್ಯಾಮೆರಾ ಎಲ್ಲಕ್ಕೂ ಇದೇ ಲೆಕ್ಕ. ದೊಡ್ಡ ತೋಟದಲ್ಲಿ ಈ ಖರ್ಚು ಮರವೊಂದಕ್ಕೆ ಕಾಸಿನಷ್ಟು ಬೀಳುತ್ತದೆ. ಸಣ್ಣವನಿಗೆ ಬೆನ್ನು ಮುರಿಯುವಷ್ಟು. ಹದಿನೈದು ವರ್ಷ ವರಮಾನವಿಲ್ಲದೆ ಕಾಯುವ ಶಕ್ತಿಯೂ ಬಂಡವಾಳವಿದ್ದವನಿಗೇ ಹೆಚ್ಚು. ಜೊತೆಗೆ 2020ರ ಭೂಸುಧಾರಣಾ ತಿದ್ದುಪಡಿಯಿಂದ, ಬೇಸಾಯದ ಮನೆತನದವರಲ್ಲದವರೂ ನಮ್ಮ ರಾಜ್ಯದಲ್ಲಿ ಜಮೀನು ಕೊಳ್ಳುವುದು ಸುಲಭವಾಯಿತು.

ಹಾಗಾದರೆ ದೊಡ್ಡವರೇ ಗೆಲ್ಲುತ್ತಾರೆಯೇ? ಹೊರದೇಶಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸೋಣ. ನಮ್ಮದೇ ಶ್ರೀಗಂಧವನ್ನು ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ, ಆರ್ಡ್ ನದಿಯ ನೀರಾವರಿಯೂ ಸೇರಿದಂತೆ, ಒಂದೇ ಕಂಪನಿ 12,000 ಹೆಕ್ಟೇರಿನಷ್ಟು ಬೆಳೆಸಿತು. ಹಣ ಹಾಕಿದವರು ದೂರದ ಪಟ್ಟಣಗಳ ಜನ. ಮರ ಕಾಯುವವರು ಕಂಪನಿಯವರು. ಕ್ವಿಂಟಿಸ್ ಎಂಬ ಆ ಕಂಪನಿ 2018ರ ಜನವರಿಯಲ್ಲಿ ಸಾಲ ತೀರಿಸಲಾರದೆ ಆಡಳಿತವನ್ನು ಹೊರಗಿನವರ ಕೈಗೆ ಒಪ್ಪಿಸಬೇಕಾಯಿತು. ಮರಗಳು ನಿಂತಿದ್ದವು, ಹಣ ನಿಲ್ಲಲಿಲ್ಲ. ನಿಧಾನವಾಗಿ ಬೆಳೆಯುವ ಮರದ ಮೇಲೆ ಅವಸರದ ಹಣ ಹೂಡಿದರೆ ದೊಡ್ಡವನೂ ಎಡವುತ್ತಾನೆ.

ಇನ್ನೊಂದು ಉದಾಹರಣೆ ಗಾಂಜಾದ್ದು. ಹೆಸರು ಕೇಳಿ ಹುಬ್ಬೇರಿಸಬೇಡಿ. ಬೀಗ ತೆರೆದ ಮೇಲೆ ಸಣ್ಣ ಬೆಳೆಗಾರನಿಗೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಸಿಗದು. ಅಮೆರಿಕದ ಕ್ಯಾಲಿಫೋರ್ನಿಯಾದ ಉತ್ತರದ ಗುಡ್ಡಗಳಲ್ಲಿ, ಹಂಬೋಲ್ಟ್ ಮತ್ತು ಅದರ ಸುತ್ತಿನ ಸೀಮೆಯಲ್ಲಿ, ಸಣ್ಣ ಬೆಳೆಗಾರರು ದಶಕಗಳ ಕಾಲ ಕದ್ದುಮುಚ್ಚಿ ಗಾಂಜಾ ಬೆಳೆದು ಬದುಕಿದ್ದರು. 2016ರ ನವೆಂಬರಿನಲ್ಲಿ ಅಲ್ಲಿಯ ಜನ ಮತ ಹಾಕಿ ಅದನ್ನು ಕಾನೂನುಬದ್ಧ ಮಾಡಿದರು. 2018ರ ಜನವರಿಯಿಂದ ಅಂಗಡಿಯಲ್ಲಿ ಮಾರಾಟ ಶುರುವಾಯಿತು. ದೊಡ್ಡ ತೋಟಗಳಿಗೆ ಐದು ವರ್ಷ ಲೈಸೆನ್ಸ್ ಕೊಡುವುದಿಲ್ಲವೆಂದು ಸಣ್ಣವರಿಗೆ ಭರವಸೆಯಿತ್ತು. ಆದರೆ ಸಣ್ಣ ಲೈಸೆನ್ಸುಗಳನ್ನು ಒಬ್ಬನು ಎಷ್ಟು ಬೇಕಾದರೂ ಕೂಡಿಹಾಕಿಕೊಳ್ಳಬಹುದೆಂದು ನಿಯಮ ಬಂದಾಗ ದೊಡ್ಡವರು ಹಿಂಬಾಗಿಲಿನಿಂದ ಒಳಹೊಕ್ಕರು. ತೆರಿಗೆ, ಪರೀಕ್ಷೆ, ಪರವಾನಗಿಗಳ ಖರ್ಚು ಏರಿತು. 2021ರಲ್ಲಿ ಸಗಟು ಬೆಲೆ ಕುಸಿದುಬಿತ್ತು. ಎಷ್ಟೋ ಮನೆತನಗಳು ಬೇಸಾಯ ಬಿಟ್ಟವು. ಉಳಿದವರು ಕಂಡುಕೊಂಡ ಉಪಾಯಗಳು ಮೂರು: ಕೂಡಿ ಮಾರುವುದು, ಬೆಳೆದ ಊರಿನ ಹೆಸರನ್ನು ಸರಕಿಗೆ ಅಂಟಿಸುವುದು, ಕೊಳ್ಳುವವನನ್ನು ನೇರವಾಗಿ ಮುಟ್ಟುವುದು. ಕೆನಡಾ ದೇಶ 2018ರ ಅಕ್ಟೋಬರ್ 17ರಂದು ಬೀಗ ತೆರೆದಾಗ, 200 ಚದರ ಮೀಟರಿನೊಳಗೆ ಬೆಳೆಯುವವರಿಗೆಂದೇ ಬೇರೆ ಲೈಸೆನ್ಸನ್ನು ಇಟ್ಟಿತು.

ನಮ್ಮಲ್ಲಿ ಆ ಗಿಡದ ಮಾತು ಬೇರೆ. 1985ರ ಮಾದಕ ವಸ್ತುಗಳ ಕಾಯಿದೆಯಂತೆ ಅಪ್ಪಣೆಯಿಲ್ಲದೆ ಅದನ್ನು ಬೆಳೆದವನಿಗೆ ಹತ್ತು ವರ್ಷಗಳವರೆಗೆ ಕಠಿಣ ಶಿಕ್ಷೆಯಾಗಬಹುದು. ನಾರಿಗಾಗಿ ಅಮಲು ಕಡಿಮೆಯಿರುವ ತಳಿಯನ್ನು ಬೆಳೆಯಲು ಉತ್ತರಾಖಂಡ ಸರ್ಕಾರ 2018ರಲ್ಲಿ ಲೈಸೆನ್ಸ್ ಕೊಟ್ಟಿತು. ಅದು ಅಲ್ಲಿಯ ಮಾತು. ಹನೂರಿನ ಕಡೆಯ ಹೊಲಗಳಲ್ಲಿ ಬೆಳೆಯ ನಡುವೆ ಗಾಂಜಾ ಗಿಡ ಸಿಕ್ಕಿ ರೈತ ಜೈಲು ಸೇರಿದ ಸುದ್ದಿಯನ್ನು ನೀವೂ ಓದಿರುತ್ತೀರಿ. ಬೇಗ ಹಣ ಬರುತ್ತದೆಂಬ ಆ ಆಸೆಗೆ ಬಲಿಯಾಗುವವನೂ ಇದೇ ಎರಡೆಕರೆಯ ರೈತ. ಅವನ ಮುಂದೆ ಕಾನೂನು ಒಪ್ಪುವ ಬೆಲೆಯ ಬೆಳೆಯೊಂದನ್ನು ಇಡುವುದು ಆದ್ದರಿಂದಲೇ ಮುಖ್ಯ.

ಇನ್ನು ಹನೂರಿನ ರೈತನಿಗೆ ಬರೋಣ. ಇಡೀ ಹೊಲವನ್ನು ಗಂಧಕ್ಕೆ ಒಪ್ಪಿಸುವುದು ಅವನಿಗೆ ತರವಲ್ಲ. ಗಂಧಕ್ಕೆ ಹೇಗೂ ನೆರೆಯ ಗಿಡ ಬೇಕು. ಆ ನೆರೆಯೇ ಅವನ ಮನೆ ನಡೆಸಬೇಕು. ಮೊದಲ ವರ್ಷಗಳಲ್ಲಿ ತೊಗರಿ, ಆಮೇಲೆ ವರ್ಷ ವರ್ಷ ನೆಲ್ಲಿಕಾಯಿ, ಏಳೆಂಟನೆಯ ವರ್ಷ ಪ್ಲೈವುಡ್ಡಿಗೆ ಹೆಬ್ಬೇವು, ನಡುವೆ ಎಂದಿನ ರಾಗಿ. ಹೀಗಾದರೆ ಗಂಧ ಅವನಿಗೆ ಮಗಳ ಮದುವೆಗೋ ಮಗನ ಓದಿಗೋ ಎತ್ತಿಟ್ಟ ಗಂಟಾಗುತ್ತದೆ; ದಿನದ ಅನ್ನ ಅದನ್ನು ನೆಚ್ಚಿಕೊಂಡಿರುವುದಿಲ್ಲ. ದೊಡ್ಡ ಕಂಪನಿಗೆ ಇಲ್ಲದ ಅನುಕೂಲ ಇದು: ಅವನು ಬಡ್ಡಿ ಕೊಡದೆ ಕಾಯಬಲ್ಲ.

ಎರಡನೆಯದು ಕಾಗದ. ನೆಟ್ಟ ಮರಗಳ ಸಂಖ್ಯೆಯನ್ನು ಪಹಣಿಯಲ್ಲಿ ಬರೆಸಬೇಕು. ಕಳುವಾದ ದಿನ ದೂರು ಕೊಡುವುದಕ್ಕೂ ಕಡಿಯುವ ದಿನ ಅಪ್ಪಣೆ ಕೇಳುವುದಕ್ಕೂ ಅದೇ ಆಧಾರ. ಮೂರನೆಯದು ಒಟ್ಟುಗೂಡುವುದು. ಒಬ್ಬನ ಮೂವತ್ತು ಮರಕ್ಕೆ ಕಾವಲುಗಾರ ಭಾರ. ಒತ್ತಾಗಿರುವ ಇಪ್ಪತ್ತು ಹೊಲಗಳ ಆರುನೂರು ಮರಕ್ಕೆ ಭಾರವಲ್ಲ. ಕೊಯ್ಲಿಗೂ ಮಾರಾಟಕ್ಕೂ ಹಾಗೆಯೇ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಎಲ್ಲರೆದುರು ಹರಾಜು ಕೂಗುವುದನ್ನು ಕಂಡಿರುವ ಕೊಳ್ಳೇಗಾಲದ ಸೀಮೆಯ ರೈತನಿಗೆ ಬಹಿರಂಗ ಮಾರಾಟದ ಬೆಲೆ ಏನೆಂದು ಹೇಳಿಕೊಡಬೇಕಾದದ್ದಿಲ್ಲ. ಇಷ್ಟು ಮಾಡಿದರೂ ಸರ್ಕಾರದವರ ಕೆಲಸ ಉಳಿದೇ ಇರುತ್ತದೆ. ಅರ್ಜಿ ಹಾಕಿದವನಿಗೆ ಅಪ್ಪಣೆ ಬೇಗ ಸಿಗದಿದ್ದರೆ, ಕಳುವಿನ ದೂರನ್ನು ಗಂಭೀರವಾಗಿ ವಿಚಾರಿಸದಿದ್ದರೆ, ಬೇಸತ್ತ ರೈತ ಕಳ್ಳ ವ್ಯಾಪಾರಿಗೇ ಮರ ಒಪ್ಪಿಸಿಯಾನು. ಆಗ ಬೀಗ ತೆರೆದೂ ತೆರೆಯದ ಹಾಗೆ.

ಕೊನೆಯದಾಗಿ, ಪಟ್ಟಣದಲ್ಲಿರುವ ನಿಮಗೆ ಒಂದು ಮಾತು. ಗಂಧದ ತೋಟದಲ್ಲಿ ತುಂಡು ಜಾಗ ಕೊಳ್ಳಿ, ಹದಿನೈದು ವರ್ಷದಲ್ಲಿ ಕೋಟಿ ಎಣಿಸಿ ಎಂಬ ಜಾಹೀರಾತು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಹಣ ಕೊಡುವ ಮೊದಲು ಕೇಳಿ: ಜಮೀನು ಯಾರ ಹೆಸರಿನಲ್ಲಿದೆ? ಮರ ಪಹಣಿಗೆ ಹತ್ತಿದೆಯೇ? ನೆರೆಯ ಗಿಡ ಯಾವುದು? ಹತ್ತನೆಯ ವರ್ಷದ ರಾತ್ರಿ ಅಲ್ಲಿ ಎಚ್ಚರವಾಗಿರುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು? ಇವಕ್ಕೆ ನೇರವಾದ ಉತ್ತರ ಬರದಿದ್ದರೆ ನಿಮ್ಮ ಹಣ ನಿಮ್ಮಲ್ಲೇ ಇರಲಿ. ಆದರೆ ಮನೆಯ ಹಿಂದೆ ಹಿತ್ತಲೊಂದಿದ್ದು, ಕರಿಬೇವಿನ ಬುಡದಲ್ಲಿ ಹಕ್ಕಿ ಉದುರಿಸಿದ ಗಂಧದ ಸಸಿ ಎಂದಾದರೂ ತಲೆಯೆತ್ತಿದರೆ, ಕೀಳಬೇಡಿ. ಅದು ಈಗ ನಿಮ್ಮದು.